ಕರಡಿನಲ್ಲಿ ಕಳೆದುಹೋದ ಪದ

ರಾತ್ರಿಪಾಳಿ ಮುಗಿಸಿ ಮಾಕಳಿಯ ಬಾಡಿಗೆ ಮನೆಗೆ ಮರಳುವ ಕಾರ್ಮಿಕನೊಬ್ಬನನ್ನು ಬಂಧಿಸಿದರೆಂದು ಭಾವಿಸಿರಿ. ಬಂಧಿಸಲು ಕಾನೂನೊಂದು ಇದ್ದರೆ ಸಾಕೇ? ಆ ಕಾನೂನು ನ್ಯಾಯಯುತವೂ ಆಗಿರಬೇಡವೇ?

ನಮ್ಮ ಸಂವಿಧಾನದ ಕರಡು ಎಡವಿದ್ದು ಇಲ್ಲಿಯೇ. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ‘ಕಾನೂನಿನ ಯುಕ್ತ ಪ್ರಕ್ರಿಯೆ’ಯಿಲ್ಲದೆ ಕಸಿಯಬಾರದೆಂದು ಸಂವಿಧಾನ ಸಭೆ 1947ರಲ್ಲಿ ಒಪ್ಪಿತ್ತು. ಆದರೆ ಸಂವಿಧಾನ ಸಲಹೆಗಾರ, ಮಂಗಳೂರಿನಲ್ಲಿ ಜನಿಸಿದ ಬೆನೆಗಲ್ ನರಸಿಂಗ ರಾಯರು ಅಮೆರಿಕದಲ್ಲಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದರು. 1948ರ ಕರಡಿನ 15ನೆಯ ವಿಧಿಯಲ್ಲಿ, ಜಪಾನಿನ ಮಾದರಿಯಂತೆ, ‘ಕಾನೂನು ವಿಧಿಸಿದ ಕಾರ್ಯವಿಧಾನ’ವೆಂಬ ಮಾತು ಬಂದಿತು.

ರಾಯರ ಅಳುಕು ನಿರಾಧಾರವಲ್ಲ. ಕಾರ್ಮಿಕರ ರಕ್ಷಣೆಯ ಕಾಯಿದೆಗಳನ್ನೇ ಅಮೆರಿಕದ ನ್ಯಾಯಾಧೀಶರು ಆ ಪದದ ಬಲದಿಂದ ರದ್ದುಗೊಳಿಸಿದ್ದರು. ಆದರೂ ಆಸ್ತಿಯ ಕುರಿತಾದ ಭಯಕ್ಕೆ ದೇಹದ ಸ್ವಾತಂತ್ರ್ಯವನ್ನು ತೆತ್ತದ್ದು ದುಬಾರಿಯಾಯಿತು. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ವಿಧಿಯನ್ನು ಅಂಬೇಡ್ಕರರು 1949ರಲ್ಲಿ ಸೇರಿಸಿದರು. ಮುನ್ನೆಚ್ಚರಿಕೆಯ ಬಂಧನ ಮಾತ್ರ ಅದರ ಹೊರಗೇ ಉಳಿಯಿತು. 1950ರ ಗೋಪಾಲನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕಾನೂನಿದ್ದರೆ ಸಾಕೆಂದಿತು. ಕಾರ್ಯವಿಧಾನವು ನ್ಯಾಯಯುತವಾಗಿರಬೇಕೆಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಲು 1978 ಬರಬೇಕಾಯಿತು.

ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ ಸೇವೆ ಸಲ್ಲಿಸಿದ್ದ ಫಾದರ್ ಸ್ಟ್ಯಾನ್ ಸ್ವಾಮಿ 2020ರ ಅಕ್ಟೋಬರಿನಲ್ಲಿ ಬಂಧಿತರಾಗಿ, ಜಾಮೀನಿಲ್ಲದೆ, ವಿಚಾರಣೆಯೂ ಆರಂಭವಾಗದೆ 2021ರ ಜುಲೈ 5ರಂದು ತೀರಿಕೊಂಡರು. ಕಾರ್ಯವಿಧಾನಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಕಳೆದುಹೋದ ಪದವನ್ನು ನ್ಯಾಯಾಲಯ ತೀರ್ಪಿನಲ್ಲಿ ಮರಳಿ ತಂದಿದೆ. ಸೆರೆಮನೆಯ ಬಾಗಿಲವರೆಗೆ ಅದನ್ನು ಒಯ್ಯುವ ಹೊಣೆ ನಮ್ಮದಲ್ಲವೇ?