ಒಂದು ಗೆರೆಯ ದೂರದಲ್ಲಿರುವ ಕೋನ

ಕೋನ ಹುಡುಕುವ ಹವ್ಯಾಸಕ್ಕೆ ದೊಡ್ಡ ಬಂಡವಾಳ ಬೇಡ. ತ್ರಿಭುಜದ ಮೂರು ಕೋನ ಕೂಡಿದರೆ 180, ಸರಳಯುಗ್ಮಕ್ಕೂ 180, ಶೃಂಗಾಭಿಮುಖ ಕೋನಗಳು ಸಮ. ಹೈಸ್ಕೂಲಿನ ಇಷ್ಟು ಪಾಠ ನೆನಪಿದ್ದರೆ ಬಹಳಷ್ಟು ಚಿತ್ರಗಳು ಬಿಡಿಸಿಕೊಳ್ಳುತ್ತವೆ. ಅಂಥವರನ್ನೂ ತಡೆದು ನಿಲ್ಲಿಸುವ ಲೆಕ್ಕವೊಂದನ್ನು ಎಡ್ವರ್ಡ್ ಲ್ಯಾಂಗ್ಲಿ 1922ರಲ್ಲಿ ಇಂಗ್ಲೆಂಡಿನ ‘ಮ್ಯಾಥಮ್ಯಾಟಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಕೇಳಿದರು. ಆ ಪತ್ರಿಕೆಯನ್ನು 1894ರಲ್ಲಿ ಶುರುಮಾಡಿದವರೂ ಅವರೇ.

ಚಿತ್ರ ಹೀಗಿದೆ: ಎಬಿಸಿ ಸಮದ್ವಿಬಾಹು ತ್ರಿಭುಜ. ಮೇಲಿನ ಎ ಕೋನ 20 ಡಿಗ್ರಿ, ಪಾದದ ಬಿ ಮತ್ತು ಸಿ ತಲಾ 80. ಪಾದಕ್ಕೆ 60 ಡಿಗ್ರಿಯಲ್ಲಿ ಬಿಯಿಂದ ಹೊರಟ ಗೆರೆ ಎದುರು ಬಾಹುವನ್ನು ಪಿಯಲ್ಲಿ ಮುಟ್ಟುತ್ತದೆ. ಸಿಯಿಂದ 50 ಡಿಗ್ರಿಯಲ್ಲಿ ಹೊರಟದ್ದು ಕ್ಯೂನಲ್ಲಿ. ಪಿ, ಕ್ಯೂ ಸೇರಿಸಿದರೆ ಬಿಪಿಕ್ಯೂ ಕೋನ ಎಷ್ಟು?

ಕೂಡಿ ಕಳೆದು ನೋಡಿದರೆ ಬಿಪಿಕ್ಯೂ ಮತ್ತು ಸಿಕ್ಯೂಪಿ ಸೇರಿ 110 ಎಂದು ತಿಳಿಯುತ್ತದೆ. ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ಯಾವ ತ್ರಿಭುಜ ಹಿಡಿದು ಹೊರಟರೂ ಸಿಗುವುದು ಅದೇ 110. ಎರಡರ ಪಾಲು ಎಷ್ಟೆಷ್ಟು ಎಂಬುದನ್ನು ಯಾವ ಸಮೀಕರಣವೂ ಹೇಳದು, ಏಕೆಂದರೆ ಬಾಹುಗಳ ಉದ್ದ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಮರುವರ್ಷ ಮರ್ಸರ್ ಎಂಬವರು ಒಂದೇ ಗೆರೆ ಎಳೆದು ಉದ್ದವನ್ನು ಒಳಗೆ ತಂದರು. ಬಿಯಿಂದ ಪಾದಕ್ಕೆ 20 ಡಿಗ್ರಿಯಲ್ಲಿ ಹೊರಟು ಎಸಿಯನ್ನು ಆರ್‌ನಲ್ಲಿ ಸೇರುವ ಗೆರೆ ಅದು. ಬಿಸಿಆರ್ ತ್ರಿಭುಜದ ಕೋನಗಳು 20, 80, 80. ಹಾಗಾಗಿ ಬಿಆರ್ ಉದ್ದ ಬಿಸಿಯಷ್ಟೇ. ಬಿಸಿಕ್ಯೂನಲ್ಲಿ 80, 50, 50. ಬಿಕ್ಯೂ ಕೂಡ ಅಷ್ಟೇ. ಸಮನಾದ ಬಿಆರ್, ಬಿಕ್ಯೂ ನಡುವೆ ಉಳಿದದ್ದು 60 ಡಿಗ್ರಿ. ಅಂದರೆ ಬಿಆರ್‌ಕ್ಯೂ ಸಮಬಾಹು ತ್ರಿಭುಜ! ಇಡೀ ಲೆಕ್ಕದ ಸೊಗಸು ಇರುವುದು ಇಲ್ಲೇ.

ಉಳಿದದ್ದು ಬೇಗ ಮುಗಿಯುತ್ತದೆ. ಬಿಆರ್‌ಪಿಯಲ್ಲಿ ಬಿ ಮತ್ತು ಪಿ ಕೋನಗಳು ತಲಾ 40. ಹೀಗಾಗಿ ಆರ್‌ಪಿ ಉದ್ದವೂ ಅದೇ. ಆರ್‌ಕ್ಯೂ, ಆರ್‌ಪಿ ಸಮ, ನಡುವಿನ ಕೋನ 40. ಆದ್ದರಿಂದ ಪಿಯ ಬಳಿ 70. ಅದರಲ್ಲಿ 40 ಕಳೆದರೆ ಉತ್ತರ 30.

ತ್ರಿಕೋನಮಿತಿಯ ಸೈನ್ ನಿಯಮದಿಂದಲೂ ಇದನ್ನು ಪಡೆಯಬಹುದು, ಕೋನಮಾಪಕ ಇಟ್ಟು ಅಳೆದರೂ 30 ಕಾಣುತ್ತದೆ. ಆದರೆ ಏಕೆ 30 ಎಂಬುದನ್ನು ಕಣ್ಣಿಗೆ ಕಾಣಿಸುವುದು ಆ ಸಮಬಾಹು ತ್ರಿಭುಜವೇ.

ಓದುಗರು ಈಗ ಸಿಯ 50ನ್ನು 70 ಮಾಡಿ, ಸಿಕ್ಯೂಪಿ ಕೋನ ಹುಡುಕಲಿ. ಉತ್ತರ 20 ಡಿಗ್ರಿ. ಬಿಸಿಕ್ಯೂ ಇಲ್ಲಿ ಸಮದ್ವಿಬಾಹು ಅಲ್ಲ, ಹಾಗಾಗಿ ಎಳೆಯಬೇಕಾದ ಗೆರೆಯೂ ಬೇರೆ.