ಚಟ್ನಿಗೆ ನಿಕರಾಗುವಾ

ಒಂದು ಆಟ ಆಡೋಣ. ಇಡ್ಲಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೊನೆಯ ಎರಡು ಅಕ್ಷರದ ಹಿಂದೆ ಒಂದು ಚುಕ್ಕಿ ಇಡಿ. ಐಡಿ ಡಾಟ್ ಎಲ್‌ಐ. ಆ ಎಲ್‌ಐ ಲಿಕ್ಟೆನ್‌ಸ್ಟೈನ್ ದೇಶದ್ದು. ಇದೇ ಲೆಕ್ಕದಲ್ಲಿ ದೋಸೆ ಸ್ವೀಡನ್ನಿಗೆ, ಚಟ್ನಿ ನಿಕರಾಗುವಾಕ್ಕೆ, ಕಾಫಿ ಫಿನ್‌ಲೆಂಡಿಗೆ. ಗಾಂಧಿ ಬಜಾರಿನ ಒಂದು ಬೆಳಗಿನ ತಿಂಡಿಗೆ ನಾಲ್ಕು ದೇಶ! ಮಲ್ಲೇಶ್ವರಂ ಕೊನೆಗೆ ಎಎಮ್, ಅಂದ್ರೆ ಅರ್ಮೇನಿಯಾ. ಚಾಮರಾಜಪೇಟೆಗೆ ಇಥಿಯೋಪಿಯಾದ ಇಟಿ ಸಿಗುತ್ತೆ, ಜೊತೆಗೆ ನಾಯಿ-ಬೆಕ್ಕಿನವರಿಗೆ ಅಂತ ಬಂದ ಡಾಟ್ ಪೆಟ್ ಕೂಡ ಇದೆ. ಬಸವನಗುಡಿಗೆ ಡಿಐ ಅನ್ನೋ ದೇಶವೇ ಇಲ್ಲ. ನಾವು ಔಟ್.

ಈ ಚಮತ್ಕಾರಕ್ಕೆ ಡೊಮೇನ್ ಹ್ಯಾಕ್ ಅಂತ ಹೆಸರು. ಯೂಟ್ಯೂಬ್ ತನ್ನ ಚಿಕ್ಕ ಲಿಂಕಿಗೆ ಬೆಲ್ಜಿಯಂನ ಬಿಇ ಹಾಕಿಕೊಂಡಿತು, ಬಿಟ್ಲಿ ಲಿಬಿಯಾದ ಎಲ್‌ವೈ ಹಿಡಿಯಿತು. ನಾನೂ ಬಿದ್ದೆ. ಚಾಮರಾಜಪೇಟೆಯ ನನ್ನ ಅತ್ತೆ ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತಾರೆ. ಅವರಿಗೆ ‘ಅತ್ತೆಮನೆಯಲ್.ಲಿ’ ಅಂತ ಹೆಸರು ಕೊಂಡುಕೊಟ್ಟೆ. ಕನ್ನಡದ ಸಪ್ತಮಿ ವಿಭಕ್ತಿಗೇ ಒಂದು ದೇಶ ಸಿಕ್ಕಿತಲ್ಲ ಅಂತ ವಾರವಿಡೀ ಬೀಗಿದೆ.

ಆಮೇಲೆ ಅತ್ತೆ ಫೋನಿನಲ್ಲಿ ಗಿರಾಕಿಗೆ ಹೇಳೋದನ್ನ ಕೇಳಿಸಿಕೊಂಡೆ. “ಎರಡು ಎಲ್ಲು ಕಣ್ರೀ. ನಡುವೆ ಚುಕ್ಕಿ. ಅಲ್ಲ, ಕಾಮ್ ಇಲ್ಲ. ಹೇಳ್ತೀನಿ ಕೇಳಿ...” ಕೊನೆಗೆ ಗಿರಾಕಿ ಮನೆ ನಂಬರೇ ಕೇಳಿದರು.

ಇಲ್ಲೇ ಈ ಹೆಸರುಗಳ ಮೂಲ ದೋಷ ಇರೋದು. ಅವು ಕಣ್ಣಿಗೆ ಮಾತ್ರ ಜಾಣ, ಕಿವಿಗೆ ಪೆದ್ದು. ಮಲ್ಲೇಶ್ವರಂನಲ್ಲಿ ಒಂದು ಹೋಟೆಲಿನ ಹೆಸರು ಶ್ರೀ ಸಾಗರ್ ಅಂತ ಆಗಿ ಎಷ್ಟೋ ಕಾಲವಾಯಿತು, ಜನ ಇಂದಿಗೂ ಸಿಟಿಆರ್ ಅಂತಲೇ ಬೆಣ್ಣೆದೋಸೆಗೆ ಹೋಗುತ್ತಾರೆ. ಹೆಸರು ಬದುಕೋದು ಬಾಯಲ್ಲಿ. ಇನ್ನು ಕನ್ನಡದ್ದು ಇನ್ನೊಂದು ಗೋಳು: ಎಚ್ಎಎಲ್ ಡಾಟ್ ಎಲ್‌ಐ ಹಳ್ಳಿಯೋ ಹಲ್ಲಿಯೋ ನೀವೇ ಹೇಳಿ.

ಎರಡನೇ ದೋಷ ಇನ್ನೂ ದೊಡ್ಡದು. ಜಾಗ ನಮ್ಮದಲ್ಲ. 2010ರಲ್ಲಿ ಲಿಬಿಯಾದ ನೋಂದಣಿಯವರು ತಮ್ಮ ಕಾನೂನಿಗೆ ಒಪ್ಪೋದಿಲ್ಲ ಅಂತ ವಿಬಿ.ಎಲ್‌ವೈ ಅನ್ನೋ ಲಿಂಕ್ ಸೇವೆಯನ್ನು ಕಿತ್ತುಕೊಂಡರು. ಅದೇ ವರ್ಷ ಯುಗೊಸ್ಲಾವಿಯಾದ ವೈಯು ಪೂರ್ತಿ ಅಳಿಸಿಹೋಯಿತು, ದೇಶವೇ ಇರಲಿಲ್ಲವಲ್ಲ. ನಮ್ಮ ಸ್ಟಾರ್ಟಪ್ಪುಗಳ ಮುದ್ದಿನ ಐಓ ಯಾರದ್ದು? ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳದ್ದು. ಅಲ್ಲಿನ ಜನರನ್ನು 1973ರ ಹೊತ್ತಿಗೆ ಬ್ರಿಟನ್ ಪೂರ್ತಿ ಹೊರಹಾಕಿತ್ತು. ಊರಿನವರೇ ಊರಲ್ಲಿಲ್ಲ, ನಾವು ಮಾತ್ರ ಅವರ ಎರಡಕ್ಷರದಲ್ಲಿ ಬೋರ್ಡ್ ಹಾಕಿಕೊಂಡು ಕೂತಿದ್ದೇವೆ.

ಹಾಗಂತ ಎಲ್ಲವೂ ಮೋಸ ಅಲ್ಲ. ಪುಟ್ಟ ಅಂಗ್ವಿಲಾ ತನ್ನ ಎಐ ಮಾರಿ ಸರಕಾರದ ಖಜಾನೆಗೆ ದುಡ್ಡು ತುಂಬಿಸಿಕೊಳ್ಳುತ್ತಿದೆ, ಸಂತೋಷ. ನಮಗೂ ಕನ್ನಡ ಲಿಪಿಯದ್ದೇ ‘.ಭಾರತ’ ಇದೆ. ಅಲ್ಲಿ ಹಳ್ಳಿ ಹಳ್ಳಿಯೇ, ಹಲ್ಲಿ ಹಲ್ಲಿಯೇ. ಆದ್ರೆ ಅಂಥ ವಿಳಾಸವನ್ನು ಎಷ್ಟೋ ಫಾರ್ಮುಗಳು ಇನ್ನೂ ತಪ್ಪು ಅನ್ನುತ್ತವೆ. ನಮ್ಮ ಜಾಣತನ ಖರ್ಚಾಗಬೇಕಾದ್ದು ಅದನ್ನು ಸರಿಮಾಡೋದರಲ್ಲಿ. ಆ ಫಾರ್ಮುಗಳನ್ನು ಬರೆಯೋರೂ ಇದೇ ಊರಲ್ಲಿ ಕೂತಿರೋ ನಾವೇ ತಾನೇ?

ಅತ್ತೆಯ ಲಿಕ್ಟೆನ್‌ಸ್ಟೈನನ್ನು ಈ ವರ್ಷ ನವೀಕರಿಸಲಿಲ್ಲ. ಚುಕ್ಕಿ ನಡುವೆ ಬಾರದ, ಡಾಟ್ ಇನ್ ಇರುವ ಸಪ್ಪೆ ಹೆಸರು ಕೊಂಡೆವು. “ಇದನ್ನ ಮೊದಲೇ ಮಾಡಕ್ಕೇನಾಗಿತ್ತೋ ನಿಂಗೆ?” ಅಂದರು ಅತ್ತೆ.