ನೆಟ್‌ವರ್ಕಿಂಗ್ ಕಲಿಯಲು ಊರು ಬಿಡಬೇಕೇ?

ನೆಟ್‌ವರ್ಕಿಂಗ್ ಕಲಿಯಬೇಕೆಂದರೆ ರೌಟರ್, ಸ್ವಿಚ್ ತುಂಬಿದ ಲ್ಯಾಬ್ ಇರಬೇಕು, ವೇಗದ ಇಂಟರ್ನೆಟ್ ಇರಬೇಕು, ಇಲ್ಲವೇ ಬೆಂಗಳೂರಿನ ಕೋಚಿಂಗ್‌ಗೆ ಹೋಗಬೇಕು ಎನ್ನುವ ಮಾತು ಕಲಬುರಗಿ ಸೀಮೆಯಲ್ಲಿ ಸಾಮಾನ್ಯ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದ್ದರೂ ಈ ಮಾತು ಹೋಗಿಲ್ಲ. ನಾನು ಇದನ್ನು ಒಪ್ಪುವುದಿಲ್ಲ. 8 ಜಿಬಿ ರ‍್ಯಾಮ್ ಇರುವ ಒಂದೇ ಒಂದು ಕಂಪ್ಯೂಟರ್ ಸಾಕು.

ಅದಕ್ಕೆ ವರ್ಚುವಲ್‌ಬಾಕ್ಸ್ ಹಾಕಿ, ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್‌ನ ಮೂರು ವರ್ಚುವಲ್ ಮಷೀನ್ ಮಾಡಿಕೊಳ್ಳಿ. ತಲಾ 1 ಜಿಬಿ ಕೊಡಿ. ಅವುಗಳಿಗೆ ಆಳಂದ, ಅಫಜಲಪುರ, ಜೇವರ್ಗಿ ಎಂದೇ ಹೆಸರಿಡಿ. ಅಡಾಪ್ಟರ್‌ನಲ್ಲಿ 'ಇಂಟರ್ನಲ್ ನೆಟ್‌ವರ್ಕ್' ಆರಿಸಿ. ಆಳಂದ 10.10.1.0/24ರಲ್ಲಿರಲಿ, ಅಫಜಲಪುರ 10.10.2.0/24ರಲ್ಲಿ. ಜೇವರ್ಗಿಗೆ ಎರಡು ಅಡಾಪ್ಟರ್, ಎರಡೂ ಕಡೆ ಒಂದೊಂದು ಕಾಲು. ಐಪಿ ಫಾರ್ವರ್ಡಿಂಗ್ ಆನ್ ಮಾಡಿದರೆ ಅದೇ ರೌಟರ್. ಈ ಜಾಲದೊಳಕ್ಕೆ ಆತಿಥೇಯ ಕಂಪ್ಯೂಟರಿಗೂ ಪ್ರವೇಶವಿಲ್ಲ.

ಇಂಟರ್ನೆಟ್ಟೇ ಬಾರದ ಜಾಲದಿಂದ ಏನು ಪ್ರಯೋಜನ ಎಂದು ಹಲವರು ಬ್ರಿಡ್ಜ್ ಮೋಡ್ ಆರಿಸುತ್ತಾರೆ. ಅಲ್ಲೇ ಕಲಿಕೆ ಕೆಡುವುದು. ಬ್ರಿಡ್ಜ್‌ನಲ್ಲಿ ಕಾಲೇಜಿನ ರೌಟರ್ ವಿಳಾಸ, ಗೇಟ್‌ವೇ ಎಲ್ಲವನ್ನೂ ತಾನೇ ಕೊಟ್ಟುಬಿಡುತ್ತದೆ. ವಿದ್ಯಾರ್ಥಿ ಮಾಡಲು ಏನೂ ಉಳಿಯುವುದಿಲ್ಲ. ಅಲ್ಲೇ ಡಿಎಚ್‌ಸಿಪಿ ಸರ್ವರ್ ಅಭ್ಯಾಸ ಮಾಡಹೊರಟರೆ ಇನ್ನೂ ಅಪಾಯ: ಆಫೀಸಿನ ಕಂಪ್ಯೂಟರುಗಳಿಗೂ ತಪ್ಪು ವಿಳಾಸ ಹೋಗಿ ಇಡೀ ಕಟ್ಟಡದ ಕೆಲಸ ನಿಲ್ಲಬಹುದು. ಒಳಜಾಲದಲ್ಲಿ ಎಷ್ಟು ಸಲ ಕೆಡಿಸಿದರೂ ಯಾರಿಗೂ ತೊಂದರೆಯಿಲ್ಲ.

ಅಲ್ಲಿ ಸಿಗುವ ಪಾಠವೂ ಆಳವಾದದ್ದು. ಆಳಂದಕ್ಕೆ ಜೇವರ್ಗಿಯನ್ನು ಗೇಟ್‌ವೇ ಆಗಿ ಕೊಟ್ಟು, ಅಫಜಲಪುರಕ್ಕೆ ಮಾತ್ರ ಗೇಟ್‌ವೇ ಕೊಡದೆ, ಆಳಂದದಿಂದ ಅಫಜಲಪುರಕ್ಕೆ ಪಿಂಗ್ ಮಾಡಿ ನೋಡಿ. ಉತ್ತರವಿಲ್ಲ. ಜೇವರ್ಗಿಯಲ್ಲಿ ಟಿಸಿಪಿಡಂಪ್ ಹಚ್ಚಿದರೆ ಪ್ಯಾಕೆಟ್ ಆಳಂದದಿಂದ ಬಂದು ಅಫಜಲಪುರದತ್ತ ದಾಟುವುದು ಕಾಣುತ್ತದೆ. ವಾಪಸು ಮಾತ್ರ ಏನೂ ಬರುವುದಿಲ್ಲ. ಹೋಗುವ ದಾರಿ ಇದ್ದ ಮಾತ್ರಕ್ಕೆ ಬರುವ ದಾರಿ ಇರುವುದಿಲ್ಲ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಇದು ಹೊಳೆಯುವುದು ಕಷ್ಟ.

ಕೇಬಲ್‌ಗೆ ಕ್ರಿಂಪ್ ಹೊಡೆಯುವುದು, ವೈ-ಫೈ ಅಡಚಣೆ ಹುಡುಕುವುದು ಹೀಗೆ ಬರುವುದಿಲ್ಲ, ನಿಜ. ಅದಕ್ಕೆ ಕೈಯಲ್ಲಿ ಸಾಮಾನು ಬೇಕು. ಆದರೆ ವಿಳಾಸ, ರೂಟಿಂಗ್, ಫೈರ್‌ವಾಲ್‌ಗೆ ಬೇಡ. ಜೇವರ್ಗಿಯಲ್ಲೋ ಅಫಜಲಪುರದಲ್ಲೋ ಪ್ರಾಯೋಗಿಕ ಪರೀಕ್ಷೆ ನಡೆಸುವವರು ಒಎಸ್‌ಐನ ಏಳು ಪದರಗಳ ಹೆಸರು ಒಪ್ಪಿಸಲು ಹೇಳುವ ಬದಲು, ಹೀಗೊಂದು ಜಾಲದ ಗೇಟ್‌ವೇ ಅಳಿಸಿಟ್ಟು, ಉತ್ತರ ಎಲ್ಲಿ ನಿಂತಿತು ಎಂದು ಕೇಳಲಿ.